ಅಂಕಿಯ ಮೂಲವನ್ನು ಕೇಳುವ ಶಿಸ್ತು: ವಿ.ಕೆ.ಆರ್.ವಿ. ರಾವ್ ಅವರ ಅಳತೆಯ ಪರಂಪರೆ

ಬೆಂಗಳೂರಿನ ವಿಜಯನಗರವನ್ನು ದಾಟಿ ನಾಗರಬಾವಿಯಲ್ಲಿ ನೆಲೆಸಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು, ಸಂಶೋಧಕರ ಬಾಯಲ್ಲಿ ‘ಐಸೆಕ್’ ಆಗಿರುವ ಆ ಸಂಸ್ಥೆಯನ್ನು, 1972ರಲ್ಲಿ ಸ್ಥಾಪಿಸಿದವರು ವಿ.ಕೆ.ಆರ್.ವಿ. ರಾವ್ (1908–1991). ಅದಕ್ಕೂ ಮೊದಲೇ ಅವರು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನೂ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಅನ್ನೂ ಕಟ್ಟಿದ್ದರು. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರ ಸಚಿವರೂ ಆಗಿದ್ದರು. ಸಂಸ್ಥೆಗಳನ್ನು ಕಟ್ಟಿದವರೆಂಬ ಈ ಕೀರ್ತಿಯ ಮರೆಯಲ್ಲಿ ಅವರ ಮೂಲ ಕಸುಬು, ಅಂದರೆ ದೇಶದ ಆದಾಯವನ್ನು ಅಳೆಯುವ ಕೆಲಸ, ಇಂದಿನ ಸಂಶೋಧಕರಿಗೆ ಅಷ್ಟಾಗಿ ಕಾಣಿಸದೆ ಹೋಗಿದೆ. ಅವರ ನಿಜವಾದ ಪ್ರಭಾವ ಇರುವುದು ಅಲ್ಲಿಯೇ.

ಆರ್ಥಿಕ ಸಂಬಂಧಗಳನ್ನು ಸಂಖ್ಯಾಶಾಸ್ತ್ರದ ಸಾಧನಗಳಿಂದ ಅಂದಾಜಿಸುವ ಶಾಖೆಗೆ ಅರ್ಥಮಿತಿ ಎಂದು ಹೆಸರು. ಇಂದಿನ ಸಂಕುಚಿತ ಅರ್ಥದಲ್ಲಿ ರಾವ್ ಅರ್ಥಮಿತಿಜ್ಞರಲ್ಲ. ಆದರೆ ಅರ್ಥಮಿತಿ ನಿಲ್ಲಬೇಕಾದ ನೆಲವನ್ನು ಹದ ಮಾಡಿದವರಲ್ಲಿ ಅವರು ಮುಖ್ಯರು. 1931–32ನೇ ಸಾಲಿನ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ಕುರಿತು ಅವರು 1940ರಲ್ಲಿ ಪ್ರಕಟಿಸಿದ ಗ್ರಂಥ ಎರಡು ವಿಧಾನಗಳನ್ನು ಒಂದೇ ಲೆಕ್ಕದಲ್ಲಿ ಕೂಡಿಸಿತು. ಬೆಳೆ, ಗಣಿ, ಹಾಲು ಮುಂತಾದ ಸರಕುಗಳಿಗೆ ಉತ್ಪನ್ನ ವಿಧಾನ: ಹುಟ್ಟುವಳಿಯನ್ನು ಬೆಲೆಯಿಂದ ಗುಣಿಸಿ, ಬಿತ್ತನೆ ಬೀಜದಂಥ ಖರ್ಚುಗಳನ್ನು ಕಳೆಯುವುದು. ವ್ಯಾಪಾರ, ಸಾರಿಗೆ, ವಕೀಲಿಕೆ, ಮನೆಗೆಲಸದ ಚಾಕರಿ ಮುಂತಾದವುಗಳಿಗೆ ಆದಾಯ ವಿಧಾನ: ಆ ವೃತ್ತಿಯಲ್ಲಿರುವವರ ಸಂಖ್ಯೆಯನ್ನು ಅವರ ಸರಾಸರಿ ಗಳಿಕೆಯಿಂದ ಗುಣಿಸುವುದು. ಹೀಗೆ ದೊರೆತ ತಲಾ ಆದಾಯ ವರ್ಷಕ್ಕೆ 62 ರೂಪಾಯಿ. ಹಳ್ಳಿಯವರಿಗೆ 51, ಪಟ್ಟಣಿಗರಿಗೆ 166. ದಾದಾಭಾಯಿ ನವರೋಜಿಯವರು 1867–68ಕ್ಕೆ ಹೇಳಿದ 20 ರೂಪಾಯಿಯ ಅಂದಾಜು ಸೇವೆಗಳನ್ನು ಹೊರಗಿಟ್ಟಿತ್ತು ಎಂಬುದನ್ನು ನೆನೆದರೆ ಎರಡು ವಿಧಾನಗಳ ಈ ಜೋಡಣೆಯ ಮಹತ್ವ ತಿಳಿಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಬಂದ ಉತ್ತರಕ್ಕಿಂತ ಲೆಕ್ಕದ ಶಿಸ್ತು. ಆಗಿನ ಇಳುವರಿಯ ಅಂಕಿಗಳು ಬಹುಪಾಲು ಆಣೆವಾರಿ ಪದ್ಧತಿಯಿಂದ, ಅಂದರೆ ಬೆಳೆ ರೂಪಾಯಿಗೆ ಎಷ್ಟು ಆಣೆಯಷ್ಟಿದೆ ಎಂದು ಗ್ರಾಮದ ಅಧಿಕಾರಿಗಳು ಕಣ್ಣಳತೆಯಲ್ಲಿ ಹೇಳುತ್ತಿದ್ದ ಅಂದಾಜಿನಿಂದ ಬಂದಂಥವು. ಅಂಥ ಅಂಕಿಯನ್ನು ಬಳಸುವವನು ಅದನ್ನು ಬರೆದವರು ಯಾರು, ಯಾವ ಕಾರಣಕ್ಕೆ ಬರೆದರು ಎಂದು ವಿಚಾರಿಸದೆ ಮುಂದೆ ಹೋಗುವಂತಿಲ್ಲ. 1949ರಲ್ಲಿ ಪಿ.ಸಿ. ಮಹಲನೋಬಿಸ್ ಅಧ್ಯಕ್ಷರಾಗಿ, ಡಿ.ಆರ್. ಗಾಡ್ಗೀಳ್ ಮತ್ತು ರಾವ್ ಸದಸ್ಯರಾಗಿ ರಚನೆಯಾದ ರಾಷ್ಟ್ರೀಯ ಆದಾಯ ಸಮಿತಿ ಇದೇ ಮಿಶ್ರ ವಿಧಾನವನ್ನು ಸ್ವತಂತ್ರ ದೇಶದ ಅಧಿಕೃತ ಲೆಕ್ಕಕ್ಕೆ ಅಳವಡಿಸಿಕೊಂಡಿತು. ಮಹಲನೋಬಿಸರು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರ ಕೆಂಗೇರಿಯತ್ತ ಹೋಗುವ ಮೈಸೂರು ರಸ್ತೆಯಲ್ಲಿ, ಐಸೆಕ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಆ ಸಮಿತಿಯ ಇಬ್ಬರ ಪರಂಪರೆಗಳೂ ಪಶ್ಚಿಮ ಬೆಂಗಳೂರಿನಲ್ಲಿ ನೆರೆಹೊರೆಯಾಗಿ ಉಳಿದಿರುವುದು ಸಂತೋಷದ ಸಂಗತಿ.

ಸಹಸಂಶೋಧಕರ ಮೇಲೆ ರಾವ್ ಬೀರಿದ ಪ್ರಭಾವದ ಇನ್ನೊಂದು ಮುಖ ಎಂ.ಎನ್. ಶ್ರೀನಿವಾಸರೊಂದಿಗಿನ ಒಡನಾಟದಲ್ಲಿದೆ. ದೆಹಲಿಯಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಬೆಳೆಸಿದ, ಮೈಸೂರು ಸೀಮೆಯ ರಾಂಪುರದಲ್ಲಿ ಕ್ಷೇತ್ರಕಾರ್ಯ ಮಾಡಿದ ಶ್ರೀನಿವಾಸ್ 1972ರಲ್ಲಿ ಐಸೆಕ್‌ಗೆ ಜಂಟಿ ನಿರ್ದೇಶಕರಾಗಿ ಬಂದರು. ದೇಶವನ್ನೆಲ್ಲ ಒಂದು ಮೊತ್ತಕ್ಕೆ ಇಳಿಸುವವರೂ ಒಂದೇ ಊರನ್ನು ಮನೆಮನೆಯಾಗಿ ಅರಿಯುವವರೂ ಒಂದೇ ಆವರಣದಲ್ಲಿ ಕೆಲಸ ಮಾಡಬೇಕೆಂಬ ಈ ನಿರ್ಧಾರ ರಾವ್ ಅವರ ಅತ್ಯುತ್ತಮ ಆಲೋಚನೆ. ಆದರೆ ಆವರಣ ಒಂದಾದ ಮಾತ್ರಕ್ಕೆ ವಿಧಾನಗಳು ಒಂದಾಗುವುದಿಲ್ಲ. ಒಂದು ಅಂಶ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆಂದು ಅಂದಾಜಿಸುವ ರಿಗ್ರೆಶನ್ ಇಂದು ಗಣಕಯಂತ್ರದಲ್ಲಿ ಕ್ಷಣಾರ್ಧದ ಕೆಲಸವಾಗಿರುವುದರಿಂದ, ಸಿದ್ಧ ದತ್ತಾಂಶವನ್ನು ಇಳಿಸಿಕೊಂಡು, ಅದನ್ನು ಸಂಗ್ರಹಿಸಿದ ಪ್ರಶ್ನಾವಳಿಯನ್ನೂ ಓದದೆ ಪ್ರಬಂಧ ಬರೆಯುವ ರೂಢಿ ಎಲ್ಲೆಡೆ ಬೆಳೆದಿದೆ. ರಾವ್ ಅವರ ಅಳತೆಗೋಲಿನಿಂದ ನೋಡಿದರೆ ಇದು ಹಿನ್ನಡೆಯೇ.

ರಾವ್ ಅವರ ಬರಹವೂ ಆಕ್ಷೇಪಕ್ಕೆ ಹೊರತಲ್ಲ. ಹೂಡಿಕೆಯಲ್ಲಾದ ಏರಿಕೆ ಆದಾಯವನ್ನು ಹಲವು ಪಟ್ಟು ಏರಿಸುತ್ತದೆಂಬ ಕೇನ್ಸರ ಗುಣಕ ಸಿದ್ಧಾಂತ ಹಿಂದುಳಿದ ದೇಶಕ್ಕೆ ಹೊಂದದು ಎಂದು ಅವರು 1952ರಲ್ಲಿ ವಾದಿಸಿದರು. ಆಹಾರಧಾನ್ಯದ ಪೂರೈಕೆ ಬೇಗ ಹಿಗ್ಗದಿರುವಲ್ಲಿ ಕೈಗೆ ಬಂದ ಹೆಚ್ಚುವರಿ ಹಣ ಉತ್ಪಾದನೆಯನ್ನಲ್ಲ, ಬೆಲೆಯನ್ನು ಏರಿಸುತ್ತದೆ ಎಂಬುದು ಅವರ ತರ್ಕದ ತಿರುಳು. ಆ ಕಾಲಕ್ಕೆ ಅದು ಬಹು ಚುರುಕಾದ ಒಳನೋಟ. ಆದರೂ ಅಳತೆಯಲ್ಲಿ ಪಳಗಿದ ಲೇಖಕರು ಪೂರೈಕೆಯ ಈ ಬಿಗಿತವನ್ನು ಬೆಳೆಬೆಳೆಗೂ ಅಂದಾಜಿಸುವ ಬದಲು ಪೂರ್ವಕಲ್ಪನೆಯಾಗಿ ಇಟ್ಟುಕೊಂಡದ್ದರಿಂದ, ಹಸಿರು ಕ್ರಾಂತಿಯ ನಂತರ ಧಾನ್ಯದ ದಾಸ್ತಾನು ಬೆಳೆದಾಗ ವಾದದ ಆ ಭಾಗ ಸಡಿಲಗೊಂಡಿತು. ಇದಕ್ಕಿಂತ ದೊಡ್ಡ ಕೊರತೆ ಅವರ ತಲೆಮಾರಿನ ಎಲ್ಲರದೂ ಹೌದು: ಸಂಬಳಕ್ಕೆ ದುಡಿಯುವ ಮನೆಯಾಳಿನ ಗಳಿಕೆ ರಾಷ್ಟ್ರೀಯ ಆದಾಯಕ್ಕೆ ಸೇರಿತು, ಅದೇ ಕೆಲಸವನ್ನು ತನ್ನ ಮನೆಯಲ್ಲಿ ಸಂಬಳವಿಲ್ಲದೆ ಮಾಡುವ ಹೆಣ್ಣಿನ ದುಡಿಮೆ ಸೇರಲಿಲ್ಲ. 2019ರಲ್ಲಿ ದೇಶದಾದ್ಯಂತ ನಡೆದ ಕಾಲಬಳಕೆ ಸಮೀಕ್ಷೆ ಆ ದುಡಿಮೆಯ ಗಂಟೆಗಳನ್ನು ದಾಖಲಿಸಿರುವುದರಿಂದ, ಗಂಟೆಗಳನ್ನು ಕೂಲಿಯ ದರದಿಂದ ಗುಣಿಸುವ ಲೆಕ್ಕಕ್ಕೆ ರಾವ್ ಅವರ ಆದಾಯ ವಿಧಾನವೇ ಇಂದಿಗೂ ದಾರಿಯಾಗಬಲ್ಲದು. ಯಾವ ದರದಿಂದ ಗುಣಿಸಬೇಕೆಂಬ ಪ್ರಶ್ನೆ ಮಾತ್ರ ಈ ತಲೆಮಾರಿನ ಸಂಶೋಧಕರ ಪಾಲಿನದು.