ರೋಡ್‌ಕಿಂಗ್ ಚೀಟಿಗೆ ಒಂದು ವ್ಯಾಖ್ಯಾನ

ಅಮೆರಿಕದ ಹುಡುಗರು ಹಳೇ ಫೋರ್ಡ್ ಕಾರುಗಳ ಮಡ್‌ಗಾರ್ಡು, ಬಾನೆಟ್ಟು ಕಿತ್ತು ಭಾರ ಇಳಿಸಿ, ಎಂಜಿನ್ನಿಗೆ ಬಲ ತುಂಬಿ, ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಹಾಟ್ ರಾಡ್ ಅಂದರೆ ಅದು. ನಮ್ಮ ಕಡೆ ಆ ಹುಚ್ಚು ಹತ್ತುವುದು ಯೆಜ್ಡಿ ಬೈಕಿನ ಮೇಲೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದು ಮಾಡಿಬಿಟ್ಟ ಯೆಜ್ಡಿಗಳು ಮಾತ್ರ ಇನ್ನೂ ಪಡಸಾಲೆ, ದನದ ಕೊಟ್ಟಿಗೆಗಳಲ್ಲಿ ನಿಂತಿವೆ. ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಂಥ ಊರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಒಂದನ್ನು ಮನೆಯಲ್ಲೇ ಬಿಚ್ಚಿ ರೇಸ್ ಗಾಡಿ ಮಾಡಹೊರಟವರು ಹುಬ್ಬಳ್ಳಿಗೆ ಕಳಿಸುವ ಸಾಮಾನಿನ ಚೀಟಿ ಹೆಚ್ಚುಕಡಿಮೆ ಹೀಗಿರುತ್ತದೆ.

«ಕ್ಲಿಪ್-ಆನ್ ಹ್ಯಾಂಡಲ್, ಒಂದು ಜೋಡಿ»

ಚೀಟಿಯ ಮೊದಲ ಸಾಲು ಯಾವಾಗಲೂ ಚಂದಕ್ಕೆ ಮೀಸಲು. ತರಿಸಲಿ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕೈಬೆರಳು ಟಾಕಿಗೆ ಸಿಕ್ಕಿಕೊಳ್ಳುವುದಿಲ್ಲ, ಕೇಬಲ್ ಎಳೆಯುವುದಿಲ್ಲ ಅಂತ ಖಾತ್ರಿ ಮಾಡಿಕೊಂಡರೆ ಸಾಕು.

«ಪಿಸ್ಟನ್, ರಿಂಗ್ ಸೆಟ್ – ದೊಡ್ಡ ಸೈಜಿಂದು»

‘ದೊಡ್ಡದು’ ಅಂದರೆ ಜೋರು ಎಂಬ ನಂಬಿಕೆ ಈ ಸಾಲಿನಲ್ಲಿದೆ. ಲೆಕ್ಕ ಹಾಕಿ ನೋಡಿ. ಈ ಎಂಜಿನ್ನಿನ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ.; ಒಟ್ಟು ಸುಮಾರು 249 ಸಿಸಿ. ಬೋರನ್ನು ಒಂದು ಮಿಲಿಮೀಟರ್ ಹಿಗ್ಗಿಸಿದರೂ ಸಿಗುವುದು 8 ಸಿಸಿ. ಅದರಿಂದ ಯಾರೂ ರೇಸ್ ಗೆದ್ದಿಲ್ಲ. ಓವರ್‌ಸೈಜ್ ಪಿಸ್ಟನ್ ಇರುವುದು ಸವೆದ ಬ್ಯಾರಲ್ಲನ್ನು ಉಳಿಸಲಿಕ್ಕೆ. ಹಾಗಾಗಿ ಮೊದಲು ಬ್ಯಾರಲ್ ಅಳೆಸಬೇಕು, ಸವೆತ ಹೋಗುವಷ್ಟೇ ದೊಡ್ಡ ಪಿಸ್ಟನ್ ಕೊಳ್ಳಬೇಕು, ಆಮೇಲೆ ಅದೇ ಪಿಸ್ಟನ್ನನ್ನು ಲೇಥಿನವರ ಕೈಗೆ ಕೊಟ್ಟು ಅದರ ಅಳತೆಗೆ ಬೋರ್ ಮಾಡಿಸಬೇಕು. ಒಮ್ಮೆಲೇ ಕೊನೆಯ ಸೈಜಿಗೆ ಜಿಗಿದರೆ ಮುಂದಿನ ಸಲಕ್ಕೆ ಕಬ್ಬಿಣ ಉಳಿಯುವುದಿಲ್ಲ.

«ಆಯಿಲ್ ಸೀಲ್ – ಇದ್ದದ್ದ ನಡೀತೈತಿ»

ಇಡೀ ಚೀಟಿಯಲ್ಲಿ ಅತ್ಯಂತ ದುಬಾರಿ ಸಾಲು ಇದೇ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್-ಗಾಳಿಯ ಮಿಶ್ರಣ ಮೊದಲು ಇಳಿಯುವುದು ಕ್ರ್ಯಾಂಕ್ ಕೇಸಿಗೆ. ಕೆಳಗೆ ಬರುವ ಪಿಸ್ಟನ್ ಅದನ್ನು ಒತ್ತಿ ಮೇಲಕ್ಕೆ ತಳ್ಳುತ್ತದೆ. ಕ್ರ್ಯಾಂಕಿನ ಎರಡೂ ತುದಿಯ ಸೀಲುಗಳು ಅಲ್ಲಿ ಸೈಕಲ್ ಪಂಪಿನ ವಾಷರಿನ ಕೆಲಸ ಮಾಡುತ್ತವೆ. ಡೈನಮೋ ಕಡೆಯ ಸೀಲ್ ಸೋರಿದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ಹೊಸ ಪಿಸ್ಟನ್ ಜಾಮ್ ಆಗುತ್ತದೆ. ಕ್ಲಚ್ ಕಡೆಯದು ಸೋರಿದರೆ ಎಂಜಿನ್ ಆ ಕಡೆಯ ಎಣ್ಣೆಯನ್ನು ಹೀರಿ ಹೊಗೆ ಬಿಡುತ್ತದೆ. ರಬ್ಬರು ಹೊರಗೆ ಚಲೋ ಕಂಡೀತು. ದಶಕಗಳ ಹಿಂದಿನದು ಒಳಗೆ ಗಟ್ಟಿಯಾಗಿರುತ್ತದೆ.

ಹೊಳೆದಂಡೆಯ ಊರಿಗೆ ಇನ್ನೊಂದು ಮಾತು ಹೇಳಲೇಬೇಕು. 2009ರಲ್ಲಿ, 2019ರಲ್ಲಿ ಮಲಪ್ರಭೆ ಊರುಗಳ ಒಳಗೆ ಬಂದಿದ್ದು ಯಾರಿಗೂ ಮರೆತಿಲ್ಲ. ನೀರಲ್ಲಿ ನಿಂತ ಗಾಡಿಯ ಕಿಕ್ ಹೊಡೆದು ನೋಡುವ ಚಪಲ ಬೇಡ. ನೀರು ಗಾಳಿಯ ಹಾಗೆ ಅಮುಕಿಸಿಕೊಳ್ಳುವುದಿಲ್ಲ, ಜೋರು ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ನೀರು ಆರಿದರೂ ರೇವೆ ಬೇರಿಂಗಿನೊಳಗೆ ಕೂತಿರುತ್ತದೆ. ಅಂಥ ಎಂಜಿನ್ ಪೂರ್ತಿ ಬಿಚ್ಚಬೇಕು; ಸೀಲು, ಬೇರಿಂಗು ಹೊಸವೇ ಆಗಬೇಕು.

«ಕಾರ್ಬುರೇಟರ್ ದೊಡ್ಡದು. ಸೈಲೆನ್ಸರ್ ಒಳಗಿಂದು ತಗಿಯೋದು»

ಸಪ್ಪಳ ಏರುತ್ತದೆ, ಓಟ ಇಳಿಯುತ್ತದೆ. ಟೂ-ಸ್ಟ್ರೋಕಿನ ಸೈಲೆನ್ಸರ್ ಬರೀ ಸದ್ದು ಅಡಗಿಸುವ ಡಬ್ಬಿ ಅಲ್ಲ. ಅದರೊಳಗಿಂದ ಮರಳುವ ಒತ್ತಡದ ಅಲೆ, ಹೊರಬೀಳಲು ಹೊರಟ ಹಸಿ ಮಿಶ್ರಣವನ್ನು ತಡೆದು ಬ್ಯಾರಲ್ಲಿಗೆ ವಾಪಸ್ ನೂಕುತ್ತದೆ. ದೊಡ್ಡ ಕಾರ್ಬುರೇಟರ್ ಕೂಡ ಹಾಗೆಯೇ. ಬಾಯಿ ಅಗಲವಾದರೆ ಗಾಳಿಯ ವೇಗ ಕುಗ್ಗಿ ಕೆಳಗಿನ ಪಿಕಪ್ ಸಾಯುತ್ತದೆ. ಕಂಪನಿ ಅಳತೆಯದನ್ನೇ ತೊಳೆದು, ಜೆಟ್ ಬದಲಿಸಿ, ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಮಸಿ ಹಿಡಿದಿದ್ದರೆ ಹೆಚ್ಚಾಯಿತು, ಕಂದು ಬಣ್ಣವಿದ್ದರೆ ಸರಿ.

«ಪಾನಾ ಸೆಟ್, ಸುತ್ತಿಗಿ, ಚಾಣ»

ಪಾನಾ ಸರಿ, ರಿಂಗ್ ಪಾನಾ ಇದ್ದರೆ ಇನ್ನೂ ಚಲೋ. ಚಾಣವನ್ನು ಈ ಎಂಜಿನ್ನಿನ ಹತ್ತಿರ ತರಲೇಬಾರದು. ಅಲ್ಯೂಮಿನಿಯಂ ಕೇಸಿನ ನಡುವೆ ಚಾಣವೋ ಸ್ಕ್ರೂಡ್ರೈವರೋ ತೂರಿಸಿ ಬಿಡಿಸಿದರೆ ಮುಖದ ಮೇಲೆ ಗೀರು ಬೀಳುತ್ತದೆ, ಆ ಗೀರಿನಿಂದ ಗಾಳಿ ಸೋರುತ್ತದೆ. ಮತ್ತೆ ಮೇಲಿನ ಸೀಲಿನ ಕತೆಯೇ. ಚೀಟಿಯಲ್ಲಿ ಬರೆಯಬೇಕಿದ್ದದ್ದು ಡೈನಮೋ ಪುಲ್ಲರ್, ಕ್ಲಚ್ ಪುಲ್ಲರ್, ಕಚ್ಚಿಕೊಂಡ ಸ್ಕ್ರೂ ಬಿಡಿಸುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್, ಒಂದು ಫೀಲರ್ ಗೇಜ್. ಕ್ರ್ಯಾಂಕನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ. ಒತ್ತಿ ಜೋಡಿಸಿದ ಸಾಮಾನು ಅದು. ಪ್ರೆಸ್ ಇರುವ, ಡಯಲ್ ಗೇಜ್ ಹಿಡಿದು ನೇರ ಮಾಡುವ ಕೈಗೇ ಕೊಡಿ.

«ಹಿಂದಿನ ಚಾಸಿ ಕೊಯ್ದು ಸಿಂಗಲ್ ಸೀಟ್. ವೆಲ್ಡಿಂಗ್ ಊರಾಗ»

ಇಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಆರ್‌ಸಿಯಲ್ಲಿ ಬರೆದ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇನ್ನೂ ಒಂದು ನಷ್ಟವಿದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಕೊಯ್ದ ಚಾಸಿಗೆ ಆ ಬಾಗಿಲು ಮುಚ್ಚಿತು. ಎರಿ ಹೊಲದ ದಾರಿಯಲ್ಲಿ ಮಳೆಗಾಲ ಓಡಾಡಿದವರಿಗೆ ಹಿಂದಿನ ಮಡ್‌ಗಾರ್ಡ್ ಇಲ್ಲದ ಗಾಡಿಯ ಸುಖ ಬಿಡಿಸಿ ಹೇಳಬೇಕಿಲ್ಲ.

ಚೀಟಿ ಇಲ್ಲಿಗೆ ಮುಗಿಯಿತು. ಬ್ರೇಕ್ ಎಂಬ ಸಾಲೇ ಇಲ್ಲ! ರೋಡ್‌ಕಿಂಗಿಗೆ ಎರಡೂ ಕಡೆ ಡ್ರಮ್ ಬ್ರೇಕು. ಲೈನರ್ ಸವೆದು, ಡ್ರಮ್ ಅಂಡಾಕಾರವಾಗಿ, ಕೇಬಲ್ ತುಕ್ಕು ಹಿಡಿದಿರುವ ಗಾಡಿಗೆ ನಾವು ವೇಗ ಕೊಡಹೊರಟಿದ್ದೇವೆ. ಆದ್ದರಿಂದ ತಮ್ಮಂದಿರೇ, ಹುಬ್ಬಳ್ಳಿ ಬಸ್ಸು ಹತ್ತುವ ಮೊದಲು ಹ್ಯಾಂಡಲ್ಲಿನ ಸಾಲು ಹೊಡೆದುಹಾಕಿ ಆ ಜಾಗದಲ್ಲಿ ಇಷ್ಟು ಬರೆದುಕೊಳ್ಳಿ: ಬ್ರೇಕ್ ಲೈನರ್, ಬ್ರೇಕ್ ಕೇಬಲ್, ಎರಡು ಕ್ರ್ಯಾಂಕ್ ಸೀಲ್. ದುಡ್ಡು ಉಳಿದರೆ ಪುಲ್ಲರ್.