ಹೊಸ ಬಸ್ಸಿಗೆ ಹಣ, ಹಳೇ ಎಂಜಿನ್‌ಗೆ ಹುಳಿಯಾರು

ಬೆಂಗಳೂರಿಗೆ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 4,500 ಎಲೆಕ್ಟ್ರಿಕ್ ಬಸ್ ಎಂಬ ಸುದ್ದಿ 2025ರಲ್ಲಿ ಬಂದಾಗ ನಮ್ಮ ತುಮಕೂರು ಜಿಲ್ಲೆಯ ಹುಳಿಯಾರು ಕಡೆ ಕೇಳಿದ್ದು ಒಂದೇ ಮಾತು: ‘ಅವರಿಗೇ ಯಾಕೆ, ನಮಗೂ ಕೊಡಲಿ.’ ಡೀಸೆಲ್ ಹೊಗೆಗೆ ಮದ್ದೆಂದರೆ ಕೇಂದ್ರದ ಅನುದಾನದ ಹೊಸ ಬಸ್ಸು ಎಂಬುದನ್ನು ಈಗ ಎಲ್ಲರೂ ಒಪ್ಪಿಕೊಂಡು ಕೂತಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಹೊಸದು ಎಷ್ಟು ಬಂತೆಂದು ಲೆಕ್ಕ ಬರೆಯುವ ಅನುದಾನ, ಹಳೇ ಎಂಜಿನ್ ಎಲ್ಲಿ ಹೋಯಿತೆಂದು ಕೇಳದಿದ್ದರೆ ಹೊಗೆ ಕಡಿಮೆಯಾಗುವುದಿಲ್ಲ, ಊರು ಬಿಟ್ಟು ಊರಿಗೆ ಹೋಗುತ್ತದೆ ಅಷ್ಟೆ.

ದೆಹಲಿಯನ್ನೇ ನೋಡಿ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ ಹೇಳಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. ಸಾವಿರಾರು ಗಾಡಿಗಳು ನಿರಾಕ್ಷೇಪಣಾ ಪತ್ರ ಹಿಡಿದು ಬೇರೆ ರಾಜ್ಯಗಳ ದಾರಿ ಹಿಡಿದವು. ದೆಹಲಿಯವರಿಗೆ ಆಗದ ಹೊಗೆ ಇನ್ನೊಬ್ಬರಿಗೆ ಆದೀತು ಎಂಬ ಈ ತರ್ಕವನ್ನು ಯಾರೂ ಅಷ್ಟಾಗಿ ಪ್ರಶ್ನಿಸಲೇ ಇಲ್ಲ.

ಹುಳಿಯಾರಿನಲ್ಲಿ ಎರಡು ಹೆದ್ದಾರಿ ಕೂಡುತ್ತವೆ. ಹಿರಿಯೂರಿನಿಂದ ಚಿಕ್ಕನಾಯಕನಹಳ್ಳಿ, ತುರುವೇಕೆರೆ ಮೇಲೆ ಮೈಸೂರಿಗೆ ಹೋಗುವ 150ಎ ಒಂದು. ಬಾಣಾವರದಿಂದ ಶಿರಾ ಕಡೆಗೆ ಹೋಗುವುದು ಇನ್ನೊಂದು. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹೊತ್ತ ಲಾರಿ, ಕಾಯಿ ತುಂಬಿದ ಕ್ಯಾಂಟರ್, ಖಾಸಗಿ ಬಸ್ಸು, ಎಲ್ಲ ಇಲ್ಲೇ ಹಾಯಬೇಕು. ಅವುಗಳಲ್ಲಿ ಎರಡನೇ, ಮೂರನೇ ಕೈ ದಾಟಿ ಬಂದವು ಕಡಿಮೆಯಿಲ್ಲ. ತೋಟದೊಳಗೆ ಹೋದರೆ ಕಾಯಿ ಸುಲಿಯುವ ಯಂತ್ರವನ್ನು ಟ್ರ್ಯಾಕ್ಟರಿನ ಹಿಂದೆ ಹೂಡಿರುತ್ತಾರೆ. ಟ್ರ್ಯಾಕ್ಟರು ನಿಂತಲ್ಲಿಂದ ಕದಲುವುದಿಲ್ಲ, ಆದರೆ ಕಾಯಿರಾಶಿ ಮುಗಿಯುವವರೆಗೆ ಎಂಜಿನ್ ಆರುವುದೂ ಇಲ್ಲ. ಪಕ್ಕದಲ್ಲಿ ಕಾಯಿ ಎತ್ತಿಕೊಡುವ ಹೆಂಗಸು ಸೆರಗನ್ನು ಮೂಗಿಗೆ ಬಿಗಿದುಕೊಂಡಿರುತ್ತಾಳೆ. ಅದು ಸಿಪ್ಪೆಯ ಧೂಳಿಗೆ. ಡೀಸೆಲ್ ಮಸಿಯ ಕಣ ಆ ಬಟ್ಟೆಯ ನೂಲಿಗೆ ಸಿಕ್ಕುವಷ್ಟು ದಪ್ಪವಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ.

ಈ ಹೆಂಗಸಿನ ಲೆಕ್ಕ ಯಾವ ಅನುದಾನದಲ್ಲಿದೆ? 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮಾತ್ರ. ವರ್ಷಗಟ್ಟಲೆ ಗಾಳಿ ಅಳೆದು, ಮಿತಿ ಮೀರಿದ ನಗರಗಳನ್ನು ಆರಿಸಿದರು. ಅಳೆಯುವ ಯಂತ್ರವನ್ನೇ ಕಾಣದ ಊರಿನ ಗಾಳಿ ಕಾಗದದ ಮೇಲೆ ಯಾವಾಗಲೂ ಶುದ್ಧ! ಎಲೆಕ್ಟ್ರಿಕ್ ಬಸ್ಸಿಗೆಂದು ಪಿಎಂ-ಇಬಸ್ ಸೇವಾ ಯೋಜನೆ ಬಂತು. ಅದೂ ಮುಖ್ಯವಾಗಿ 3 ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಗೆ. ಪಟ್ಟಿಗೆ ಸೇರಿದವರಾದರೂ ಏನು ಮಾಡಿದರು? ಶುದ್ಧ ಗಾಳಿಯ ಹಣದಲ್ಲಿ ಶೇ 64ರಷ್ಟು ರಸ್ತೆ ಧೂಳಿಗೇ ಹೋಯಿತು, ವಾಹನದ ಹೊಗೆಗೆ ಸಿಕ್ಕಿದ್ದು ಶೇ 13ಕ್ಕೂ ಕಡಿಮೆ ಎಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು.

ಧೂಳು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಹಣ. ನಾವೂ ಬೇರೆಯಲ್ಲ. ಅದಿರು ಲಾರಿಗಳು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ರಸ್ತೆಗಳನ್ನು ಅರೆದು ಹಾಕುತ್ತಿದ್ದ ಕಾಲದಲ್ಲಿ, ಅಂದರೆ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗದ ಗಣಿಗಳನ್ನು ನಿಲ್ಲಿಸುವ ತನಕ, ನಾವೆಲ್ಲ ಬೈದದ್ದು ತೆಂಗಿನ ಗರಿಯ ಮೇಲೆ ಕೂತ ಕೆಂದೂಳನ್ನು. ಟ್ಯಾಂಕರಿನಲ್ಲಿ ನೀರು ಹೊಡೆದರೆ ಧೂಳು ಅಡಗಿತು. ಲಾರಿಯ ಹೊಗೆ ಯಾರ ಅರ್ಜಿಯಲ್ಲೂ ಅಷ್ಟಾಗಿ ಬರಲಿಲ್ಲ.

ಅಮೆರಿಕದಲ್ಲಿ 2005ರ ಕಾಯ್ದೆಯ ಅಡಿಯಲ್ಲಿ ಡೀಸೆಲ್ ಹೊಗೆ ತಗ್ಗಿಸಲು ರಾಜ್ಯಗಳಿಗೆ ಅನುದಾನ ಕೊಡುತ್ತಾರೆ. ಹಣ ಬೇಕಿದ್ದರೆ ಹಳೇ ಎಂಜಿನ್ನಿನ ಬ್ಲಾಕಿಗೆ ಮೂರಿಂಚಿನ ತೂತು ಕೊರೆಯಬೇಕು, ಗಾಡಿಯನ್ನೇ ಬದಲಿಸಿದರೆ ಚಾಸಿಯನ್ನೂ ಕತ್ತರಿಸಬೇಕು, ಫೋಟೊ ಕೊಡಬೇಕು. ಅಮೆರಿಕದವರು ಮಾಡಿದ್ದೆಲ್ಲ ವೇದವಾಕ್ಯವಲ್ಲ. ಆದರೆ ಆ ತೂತಿನಲ್ಲಿ ಇರುವ ವಿವೇಕ ನಮ್ಮ ಬಸ್ ಉದ್ಘಾಟನೆಯ ಟೇಪಿನಲ್ಲಿ ಇಲ್ಲ. ಬದಲಿಗೆ ಬರುವುದು ಎಲೆಕ್ಟ್ರಿಕ್ಕೇ ಆಗಬೇಕೆಂಬ ಹಟವೂ ಅಲ್ಲಿಲ್ಲ. ಶುದ್ಧವಾದ ಡೀಸೆಲ್ ಎಂಜಿನ್ನಿಗೂ ಹಣ ಸಿಗುತ್ತದೆ.

ನಮ್ಮಲ್ಲೂ ಗುಜರಿ ನೀತಿ ಇದೆಯಲ್ಲ ಎನ್ನಬಹುದು. ಇದೆ. 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ 2023ರ ಏಪ್ರಿಲ್‌ನಿಂದ ರದ್ದು; ಅವನ್ನು ಗುಜರಿಗೆ ಹಾಕಲು ರಾಜ್ಯಗಳಿಗೆ ಕೇಂದ್ರ 3,000 ಕೋಟಿ ರೂಪಾಯಿ ಪ್ರೋತ್ಸಾಹಧನವನ್ನೂ ಎತ್ತಿಟ್ಟಿತು. ಖಾಸಗಿ ಲಾರಿ ಮಾತ್ರ ಎಫ್‌ಸಿ ಮಾಡಿಸಿಕೊಂಡು ಓಡುತ್ತಲೇ ಇರಬಹುದು. 2025ರ ಜುಲೈನಲ್ಲಿ ಎಲೆಕ್ಟ್ರಿಕ್ ಲಾರಿಗೆ 9.6 ಲಕ್ಷದವರೆಗೆ ನೆರವು ಪ್ರಕಟಿಸಿ, ಗುಜರಿ ಪ್ರಮಾಣಪತ್ರ ಕಡ್ಡಾಯ ಮಾಡಿದರು. ಅಲ್ಲಿ ಬುದ್ಧಿ ಸರಿಯಾಗಿ ಓಡಿದೆ. ಆದರೆ ಸಾಲದ ಕಂತು ಕಟ್ಟುತ್ತ ಒಂದೇ ಕ್ಯಾಂಟರನ್ನು ತಾನೇ ಓಡಿಸುವವನಿಗೆ ಎಲೆಕ್ಟ್ರಿಕ್ ಲಾರಿ ಎಟುಕುವ ಮಾತೇ? ಅವನಿಗೆ ಬೇಕಿರುವುದು ಹಳೇ ಹೊಗೆ ಮಾನದಂಡದ ಬಿಎಸ್-3 ಗಾಡಿಯನ್ನು ಒಡೆದು ಹಾಕಿ, 2020ರ ಈಚಿನ ಬಿಎಸ್-6 ಗಾಡಿಯನ್ನು, ಹಳೆಯದಾದರೂ ಸರಿ, ಕೊಳ್ಳಲು ಕೈಗೆ ಒಂದಿಷ್ಟು ದುಡ್ಡು. ಕೇಂದ್ರದ ಈ ಎರಡೂ ನೆರವು ಆ ಕೆಲಸಕ್ಕಲ್ಲ.

ಹಣ ದೂರದಲ್ಲೂ ಇಲ್ಲ. ಗಣಿಬಾಧಿತ ನಾಲ್ಕು ಜಿಲ್ಲೆಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟಿದೆ, ತುಮಕೂರೂ ಅದರಲ್ಲಿದೆ. ರಸ್ತೆಗೆ, ಕಟ್ಟಡಕ್ಕೆ ಪ್ರಸ್ತಾವನೆ ಬರೆಯುವ ನಮ್ಮ ಜನಪ್ರತಿನಿಧಿಗಳು ಒಂದು ಪುಟವನ್ನು ಹಳೇ ಎಂಜಿನ್ನಿಗೂ ಬರೆಯಲಿ: ಲಾರಿ, ಕ್ಯಾಂಟರ್, ಟ್ರ್ಯಾಕ್ಟರು ಯಾವುದೇ ಆಗಲಿ, ಎಂಜಿನ್ ಒಡೆದ ಪುರಾವೆ ಕೊಟ್ಟ ಮಾಲೀಕನ ಖಾತೆಗೇ ಹಣ. ಮುಂದಿನ ಸಲ ಶಾಸಕರು ಹುಳಿಯಾರಿಗೆ ಬಂದಾಗ ಎಲೆಕ್ಟ್ರಿಕ್ ಬಸ್ಸಿನ ಮನವಿ ಕೊಡುವವರು ಇದನ್ನೂ ಅದರ ಜೊತೆಗೆ ಪಿನ್ ಮಾಡಿ ಕೊಡಿ.