ಕರಕರ ಸದ್ದಿಗೆ ಮೊದಲು ಕಿವಿಗೊಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸು ಬಾರದವರಿಗೆ ಲಿನಕ್ಸ್ ಒಳ್ಳೆಯ ದಾರಿ. ಆದರೆ ಹಾಕಿಕೊಂಡ ಮೊದಲ ದಿನವೇ ಕೆಲವರನ್ನು ಸದ್ದು ಕಾಡುತ್ತದೆ. ನಿನ್ನೆಯವರೆಗೆ ತಿಳಿಯಾಗಿ ಹಾಡುತ್ತಿದ್ದ ಸ್ಪೀಕರ್ ಇವತ್ತು ಕರಕರ ಎನ್ನುತ್ತದೆ. ಆಗ ಎಲ್ಲೆಲ್ಲೋ ಸಿಕ್ಕ ಕಮಾಂಡುಗಳನ್ನು ಒಂದರ ಮೇಲೊಂದು ಟರ್ಮಿನಲ್‌ಗೆ ಅಂಟಿಸುವ ರೂಢಿ ಬೆಳೆದುಬಿಟ್ಟಿದೆ. ಇದನ್ನು ಬಿಡಲೇಬೇಕು. ಯಾವ ಬದಲಾವಣೆ ಫಲಿಸಿತು, ಯಾವುದು ಹೊಸ ತೊಂದರೆ ತಂದಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಕೆಟ್ಟ ಸದ್ದೆಲ್ಲ ಒಂದೇ ಬಗೆಯದಲ್ಲ. ಹಾಡು ಶುರುವಾಗುವಾಗ ಅಥವಾ ನಿಂತ ಸ್ವಲ್ಪ ಹೊತ್ತಿಗೆ ‘ಟಪ್’ ಎಂದರೆ, ವಿದ್ಯುತ್ ಉಳಿಸಲು ಸೌಂಡ್ ಚಿಪ್ ನಿದ್ದೆಗೆ ಜಾರಿ ಏಳುತ್ತಿರಬಹುದು. ಆ ಉಳಿತಾಯವನ್ನು ಆಫ್ ಮಾಡಿ ನೋಡಬೇಕು. ವಾಲ್ಯೂಮ್ ನೂರು ದಾಟಿದಾಗ ಮಾತ್ರ ದನಿ ಒಡೆದರೆ, ಮಿತಿ ಮೀರಿದ ಅಲೆಯ ತುದಿ ಕತ್ತರಿಸಿಹೋಗುತ್ತಿದೆ. ಏನೂ ಹಾಡದಿದ್ದಾಗಲೂ ‘ಸುಯ್’ ಎನ್ನುತ್ತಿದ್ದರೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಎಂಬ ಪ್ರೋಗ್ರಾಮ್ ತೆರೆದು ಮೈಕ್ ಬೂಸ್ಟ್ ಏರಿದೆಯೇ ನೋಡಬೇಕು. ಕಂಪ್ಯೂಟರಿನ ಮೇಲೆ ಕೆಲಸದ ಹೊರೆ ಬಿದ್ದಾಗ ಚಟಪಟ ಎಂದರೆ, ಸದ್ದಿನ ಮುಂದಿನ ಕಂತು ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ.

ಈ ಕೊನೆಯ ದೋಷವನ್ನು ಕಣ್ಣಿಗೆ ಕಾಣಿಸಿಕೊಡುವುದು ಈಗ ಹಲವು ಲಿನಕ್ಸ್‌ಗಳಲ್ಲಿ ಸದ್ದು ನಿಭಾಯಿಸುವ ಪೈಪ್‌ವೈರ್‌ನ ಹೆಚ್ಚುಗಾರಿಕೆ. ಟರ್ಮಿನಲ್‌ನಲ್ಲಿ ಪಿಡಬ್ಲ್ಯು-ಟಾಪ್ ಓಡಿಸಿದರೆ ಸದ್ದು ಮಾಡುತ್ತಿರುವ ಒಂದೊಂದು ಪ್ರೋಗ್ರಾಮಿಗೂ ಒಂದೊಂದು ಸಾಲು ಬರುತ್ತದೆ. ಚಟ್ ಎಂದಾಗಲೆಲ್ಲ ದೋಷದ ಕಾಲಮ್ಮಿನಲ್ಲಿ ಅಂಕಿ ಏರಿದರೆ ಊಹೆಗೆ ಆಧಾರ ಸಿಕ್ಕಿತು. ಸೆಕೆಂಡಿಗೆ 48,000 ಸ್ಯಾಂಪಲ್ ಹರಿಯುವಲ್ಲಿ 1024 ಸ್ಯಾಂಪಲ್‌ಗಳ ಒಂದು ಕಂತಿಗೆ ಸಿಗುವ ಕಾಲ ಸುಮಾರು 21 ಮಿಲಿಸೆಕೆಂಡ್. ಕಂತಿನ ಈ ಗಾತ್ರವನ್ನು, ಅಂದರೆ ಬಫರನ್ನು, 2048ಕ್ಕೆ ಏರಿಸಿದರೆ ಬಿಡುವು ಇಮ್ಮಡಿಯಾಗುತ್ತದೆ. ಹಾಡು ಕೇಳುವವರಿಗೆ ಇದರಿಂದ ನಷ್ಟವಿಲ್ಲ. ಕೀಬೋರ್ಡ್ ನುಡಿಸಿ ರೆಕಾರ್ಡ್ ಮಾಡುವವರಿಗೆ ಮಾತ್ರ ಬೆರಳು ಒತ್ತಿದ ಮೇಲೆ ಸ್ವರ ತಡವಾಗಿ ಬರುವುದು ಕಿರಿಕಿರಿ.

ಹಿಂದೆ ದಿನಬಳಕೆಗೆ ಪಲ್ಸ್‌ಆಡಿಯೋ, ಸಂಗೀತಗಾರರಿಗೆ ಜ್ಯಾಕ್ ಎಂದು ಎರಡು ಬೇರೆ ಬೇರೆ ಏರ್ಪಾಡುಗಳಿದ್ದವು. ಎರಡನ್ನೂ ಹೊಂದಿಸುವುದೇ ತಲೆನೋವು. ವಿಮ್ ಟೇಮನ್ಸ್ ರೂಪಿಸಿದ ಪೈಪ್‌ವೈರ್ ಎರಡರ ಪ್ರೋಗ್ರಾಮುಗಳನ್ನೂ ಒಂದೇ ಕಡೆ ನಡೆಸಿತು. 2021ರಲ್ಲಿ ಫೆಡೋರಾ 34, ಮರುವರ್ಷ ಉಬುಂಟು 22.10 ಅದನ್ನು ಸದ್ದಿನ ಕೆಲಸಕ್ಕೆ ನೇಮಿಸಿಕೊಂಡವು. ಇದು ದೊಡ್ಡ ಸಾಧನೆಯೇ ಸರಿ.

ಸದ್ದು ಕೆಟ್ಟಾಗ ಎಲ್ಲ ತಪ್ಪನ್ನೂ ಪೈಪ್‌ವೈರ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದರ ಕೆಳಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಡ್ರೈವರ್ ಇದೆ. ಲ್ಯಾಪ್‌ಟಾಪ್ ತಯಾರಕರು ಸ್ಪೀಕರಿಗೆ ಬೇಕಾದ ಹೊಂದಾಣಿಕೆಯನ್ನು ಎಷ್ಟೋ ವೇಳೆ ವಿಂಡೋಸ್ ಡ್ರೈವರಿನೊಳಗೆ ಮಾತ್ರ ಇಡುತ್ತಾರೆ. ಕರ್ನಲ್ ಬರೆಯುವವರು ಒಂದೊಂದು ಮಾಡೆಲ್ಲಿಗೂ ಬೇರೆ ಬೇರೆ ತೇಪೆ ಸೇರಿಸುತ್ತ ಬಂದಿದ್ದಾರೆ. ನಿಮ್ಮ ಮಾಡೆಲ್ಲಿಗೆ ತೇಪೆ ಬಂದಿಲ್ಲದಿದ್ದರೆ ಪೈಪ್‌ವೈರ್‌ನ ಕಡತಗಳನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಹೊಸ ಕರ್ನಲ್ ಹಾಕಿ ನೋಡುವುದೇ ಲೇಸು.

ನನ್ನ ತಕರಾರಿರುವುದು ಡೆಸ್ಕ್‌ಟಾಪ್ ರೂಪಿಸುವವರ ಬಗ್ಗೆ. ಇಷ್ಟೆಲ್ಲ ಮಾಹಿತಿ ಒಳಗೇ ಇದ್ದರೂ ಸದ್ದಿನ ಸೆಟ್ಟಿಂಗ್ಸ್‌ನಲ್ಲಿ ಸಿಗುವುದು ವಾಲ್ಯೂಮಿನ ಪಟ್ಟಿ ಮತ್ತು ಸ್ಪೀಕರಿನ ಆಯ್ಕೆಯಂಥವೇ. ‘ಸದ್ದಿನ ಕಂತು ತಪ್ಪುತ್ತಿದೆ, ಬಫರ್ ಹೆಚ್ಚಿಸಲೇ?’ ಎಂದು ಅಲ್ಲಿಯೇ ಕೇಳಿದ್ದರೆ ಹೊಸಬರು ಟರ್ಮಿನಲ್ಲಿಗೆ ಹೋಗಬೇಕಾಗಿರಲಿಲ್ಲ. ಅದು ಬರುವವರೆಗೆ ಸದ್ದಿನ ಬಗೆ ಗುರುತಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ; ಫಲ ಕಾಣದಿದ್ದರೆ ಅದನ್ನು ಮೊದಲಿನಂತೆ ಮಾಡಿಯೇ ಮುಂದಿನದಕ್ಕೆ ಕೈಹಾಕಿ.